ಟ್ಯೂನಾ ನೆಲೆಯ ನಕ್ಷೆ: ಒಂದೇ ಬಳಗ, ಬೇರೆ ಬೇರೆ ಆಳ

ಹೈದರಾಬಾದಿನ ಇನ್‌ಕಾಯ್ಸ್ (ಭೂವಿಜ್ಞಾನ ಸಚಿವಾಲಯದ ಸಂಸ್ಥೆ) ಉಪಗ್ರಹಗಳು ಅಳೆದ ಸಮುದ್ರ ಮೇಲ್ಮೈ ಉಷ್ಣಾಂಶ ಮತ್ತು ಕ್ಲೋರೊಫಿಲ್ ಆಧರಿಸಿ ಸಂಭಾವ್ಯ ಮೀನುಗಾರಿಕಾ ವಲಯಗಳನ್ನು ಗುರುತಿಸುತ್ತದೆ. ಪ್ಲವಕಗಳನ್ನು ಅರಸಿ ಬರುವ ಬಂಗುಡೆ, ಬೂತಾಯಿಗಳಿಗೆ ಈ ಲೆಕ್ಕ ಬಹುಮಟ್ಟಿಗೆ ಸಾಕು. ಟ್ಯೂನಾ ಬಳಗಕ್ಕೆ ಸಾಲದು. ಸ್ಕಿಪ್‌ಜಾಕ್ ಹೆಚ್ಚಾಗಿ ಬೆಚ್ಚನೆಯ ಮೇಲ್ಪದರದಲ್ಲೇ ಸುಳಿದಾಡಿದರೆ, ಬಿಗ್‌ಐ ಹಗಲಲ್ಲಿ 300 ಮೀಟರಿಗೂ ಕೆಳಗೆ, ಆಮ್ಲಜನಕ ಕಡಿಮೆಯಿರುವ ತಣ್ಣೀರಿಗಿಳಿದು ರಾತ್ರಿ ಮೇಲೇರುತ್ತದೆ. ಎರಡಕ್ಕೂ ಒಂದೇ ನಕ್ಷೆ ಬರೆದರೆ ಯಾವುದಕ್ಕೂ ಹೊಂದದ ಸರಾಸರಿಯಷ್ಟೇ ಉಳಿಯುತ್ತದೆ. ಅಪರೂಪದ ಪ್ರಭೇದಗಳ ಮಾಹಿತಿ ತೀರಾ ಕಡಿಮೆ, ಗುಂಪಾಗಿ ನೋಡದೆ ವಿಧಿಯಿಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಹಾಗಿದ್ದರೂ ವಂಶಕ್ಕಿಂತ ಈಜುವ ಆಳ ನೋಡಿ ಗುಂಪು ಕಟ್ಟುವುದೇ ಸರಿ. ಅದಕ್ಕೆ 2000 ಮೀಟರ್ ಆಳದವರೆಗೆ ಉಷ್ಣಾಂಶ, ಲವಣಾಂಶ ಅಳೆಯುವ ಆರ್ಗೊ ತೇಲುಯಂತ್ರಗಳ ದತ್ತಾಂಶ ಎಲ್ಲರಿಗೂ ಮುಕ್ತವಾಗಿ ಸಿಗುತ್ತದೆ.