ಬಹುಮಾನದ ರೊಕ್ಕ, ಪಗಾರದ ರೊಕ್ಕ

ಕುರ್ಡಿಯಲ್ಲಿ ಒಂದು ಮನೆ ಇದೆ ಎಂದುಕೊಳ್ಳಿ. ಅತ್ತೆಗೆ ಒಂದು ಕಾಲು ಊನ. ಅವರಿಗೆ ತಿಂಗಳಿಗೆ 800 ರೂಪಾಯಿ ಅಂಗವಿಕಲರ ಮಾಸಾಶನ ಬರುತ್ತದೆ. ಇದನ್ನು ಊರಲ್ಲಿ ‘ಪಗಾರ’ ಅಂತಾರೆ. ಮಗ ಕೇರಳಕ್ಕೆ ದುಡಿಯಲು ಹೋಗಿದ್ದಾನೆ. ಅಲ್ಲಿ ಸರಕಾರವೇ ಲಾಟರಿ ನಡೆಸುತ್ತದೆ. ಅವನಿಗೆ ಒಂದು ಲಕ್ಷ ರೂಪಾಯಿ ಬಹುಮಾನ ಬಂತು.

ಅತ್ತೆ: ಆ ರೊಕ್ಕ ನನ್ನ ಖಾತೆಗೆ ಹಾಕ್ತಾನಂತವ್ವ.

ಸೊಸೆ: ತಡೀರಿ ಅತ್ತಿ. ನಿಮಗ ಪಗಾರ ಯಾಕ ಕೊಡ್ತಾರ?

ಅತ್ತೆ: ಕಾಲು ಊನ ಅದ ಅಂತ.

ಸೊಸೆ: ಅಷ್ಟೇ ಅಲ್ರಿ. ಮನಿ ಆದಾಯ ಕಡಿಮಿ ಅದ ಅಂತನೂ ಕೊಡ್ತಾರ. ಅದು ವರ್ಷಕ್ಕ 32,000 ರೂಪಾಯಿ ದಾಟಬಾರದು.

ಅತ್ತೆ: ಲಾಟರಿ ರೊಕ್ಕ ದುಡಿದದ್ದಲ್ಲಲ್ಲ?

ಸೊಸೆ: ದುಡೀದಿದ್ರೂ ಅದು ಆದಾಯನೇ ರೀ. ಮಿತಿ ದಾಟಿದ್ರ ಪಗಾರ ನಿಲ್ಲಬಹುದು. ಅವರ ರೊಕ್ಕ ಅವರ ಖಾತೆಗೇ ಹೋಗಲಿ. ಆದಾಯ ಕೇಳಿದ್ರ ಇದ್ದದ್ದು ಇದ್ದಂಗ ಹೇಳೋಣ.

ತಿಳಿಯಿರಿ

1. ಬಹುಮಾನ 10,000 ರೂಪಾಯಿ ದಾಟಿದರೆ ನೂರಕ್ಕೆ 30 ರೂಪಾಯಿ ತೆರಿಗೆ ಮೊದಲೇ ಕಡಿಯುತ್ತಾರೆ.

2. ಸೋತ ಹಣವನ್ನು ಗೆದ್ದ ಹಣದಿಂದ ಕಳೆದು ತೋರಿಸುವಂತಿಲ್ಲ. 40,000 ಗೆದ್ದು 45,000 ಸೋತರೂ ತೆರಿಗೆಯ ಲೆಕ್ಕದಲ್ಲಿ 40,000 ಆದಾಯವೇ. ಕೈಯಲ್ಲಿ ಮಾತ್ರ ಏನೂ ಇರುವುದಿಲ್ಲ.

3. ನಮ್ಮ ರಾಜ್ಯದಲ್ಲಿ 2007ರಲ್ಲಿ ಲಾಟರಿ ಮಾರಾಟ ನಿಂತಿತು. ಮಟ್ಕಾ, ಓಸಿ ಆಡಿಸುವುದೂ ಆಡುವುದೂ ಅಪರಾಧ. ಹಣ ಕಟ್ಟಿ ಆಡುವ ಮೊಬೈಲ್ ಆಟಗಳ ನಿಷೇಧಕ್ಕೆ 2025ರಲ್ಲಿ ಕೇಂದ್ರ ಸರಕಾರ ಕಾನೂನು ಮಾಡಿತು.

4. ನಿಮ್ಮ ಪಾಸ್‌ಬುಕ್ ನಿಮ್ಮ ಕೈಯಲ್ಲಿರಲಿ. ಬೇರೆಯವರ ಜೂಜಿನ ಹಣ ನಿಮ್ಮ ಖಾತೆಗೆ ಬೇಡ. ಗಂಡ ಕೇಳಿದರೂ, ಮಗ ಕೇಳಿದರೂ ಬೇಡ ಎನ್ನಿ. ಓದದೆ ಸಹಿ ಹಾಕಬೇಡಿ.

5. ಪಗಾರ ನಿಂತರೆ ಸುಮ್ಮನೆ ಕೂಡಬೇಡಿ. ನಾಡಕಚೇರಿಗೆ ಹೋಗಿ ಕಾರಣ ಕೇಳಿ. ಆದಾಯ ಮತ್ತೆ ಕಡಿಮೆಯಾಗಿದ್ದರೆ ಹೊಸ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಡಿ. ಸುಳ್ಳು ಆದಾಯ ಬರೆಸಬೇಡಿ.

ಲೆಕ್ಕ ಮಾಡಿ

ತಿಂಗಳಿಗೆ 800 ರೂಪಾಯಿ. 12 ತಿಂಗಳಿಗೆ ಎಷ್ಟು? 800 × 12 = 9,600 ರೂಪಾಯಿ.

ಲಾಟರಿ ಹತ್ತುವುದು ಸಾವಿರಾರು ಮಂದಿಯಲ್ಲಿ ಒಬ್ಬರಿಗೆ. ಅದೂ ಒಮ್ಮೆ. ಪಗಾರ ತಿಂಗಳು ತಿಂಗಳು ಬರುತ್ತದೆ. ಜೋಳಕ್ಕೆ, ಔಷಧಕ್ಕೆ ಆಗುತ್ತದೆ. ಯಾವುದನ್ನು ನಂಬಿ ಮನೆ ನಡೆಸಬೇಕು?

ಉತ್ತರ ಬರೆಯಿರಿ

1. ಮಾಸಾಶನಕ್ಕೆ ಆದಾಯದ ಮಿತಿ ಎಷ್ಟು?
2. ಅತ್ತೆಯ ಖಾತೆಗೆ ಹಣ ಹಾಕುವುದು ಬೇಡ ಎಂದು ಸೊಸೆ ಯಾಕೆ ಹೇಳಿದಳು?
3. ನಿಮ್ಮ ಪಾಸ್‌ಬುಕ್ ಯಾರ ಹತ್ತಿರ ಇದೆ?