ಇಂಗ್ಲಿಷಿನ ಉಪ್ಪು, ನಮ್ಮ ಉಪ್ಪಿನ ಋಣ

ಪ್ರಶ್ನೆ: ಇಂಗ್ಲಿಷ್ ಪತ್ರಿಕೆಯ ಕ್ರಿಕೆಟ್ ವರದಿಯಲ್ಲಿ ‘ಎನಿ ಕ್ಯಾಪ್ಟನ್ ವರ್ತ್ ಹಿಸ್ ಸಾಲ್ಟ್’ ಎಂಬ ಮಾತು ಓದಿದೆ. ಇದು ನಮ್ಮ ‘ಉಪ್ಪಿನ ಋಣ’ವೇ? ರೋಮ್‌ನಲ್ಲಿ ಸಿಪಾಯಿಗಳಿಗೆ ಉಪ್ಪನ್ನೇ ಸಂಬಳವಾಗಿ ಕೊಡುತ್ತಿದ್ದರು, ಅದರಿಂದ ಈ ಮಾತು ಬಂತು ಎನ್ನುತ್ತಾರೆ. ನಿಜವೇ?
— ಓದುಗರು, ಶಹಾಪುರ

ಉತ್ತರ: ಎರಡು ಮಾತಿನಲ್ಲೂ ಉಪ್ಪಿದೆ, ಅದನ್ನು ಉಂಡು ದುಡಿಯುವವನೂ ಇದ್ದಾನೆ. ಹಾಗಾಗಿ ಎರಡೂ ಒಂದೇ ಎನಿಸುವುದು ಸಹಜ. ಆದರೆ ಅರ್ಥ ಬೇರೆ.

ನೀವು ಓದಿದ ಮಾತಿನಲ್ಲಿ ಉಪ್ಪು ಎಂದರೆ ಸಂಬಳ. ಕೊಟ್ಟ ಸಂಬಳಕ್ಕೆ ತಕ್ಕಷ್ಟು ಕೆಲಸ ಬಲ್ಲವನು, ಕಸುಬಿನಲ್ಲಿ ಪಳಗಿದವನು ಎಂದು ಅದರ ಅರ್ಥ. ಅವನು ಧಣಿಗೆ ನಿಷ್ಠನೋ ಅಲ್ಲವೋ ಎಂಬ ವಿಚಾರ ಅಲ್ಲಿ ಬರುವುದೇ ಇಲ್ಲ. ನಿಮ್ಮ ಕಡೆಯದೇ ಉದಾಹರಣೆ ಕೊಡುತ್ತೇನೆ: ಒಕ್ಕಲುತನ ಬಲ್ಲ ಯಾವ ರೈತನೂ ಎರೆಹೊಲ ಹಸಿಯಾಗಿ ಕಾಲಿಗೆ ಮೆತ್ತುತ್ತಿರುವಾಗ ಕುಂಟೆ ಹೊಡೆಯುವುದಿಲ್ಲ. ಈ ವಾಕ್ಯದ ‘ಒಕ್ಕಲುತನ ಬಲ್ಲ ಯಾವ ರೈತನೂ’ ಎಂಬಲ್ಲಿ ಇಂಗ್ಲಿಷಿನವರು ‘ಎನಿ ಫಾರ್ಮರ್ ವರ್ತ್ ಹಿಸ್ ಸಾಲ್ಟ್’ ಎನ್ನುತ್ತಾರೆ. ಇದನ್ನೇ ತಿರುವಿ ‘ನಾಟ್ ವರ್ತ್ ಹಿಸ್ ಸಾಲ್ಟ್’ ಎಂದರೆ ನಮ್ಮ ‘ಕೂಳಿಗೆ ದಂಡ, ಭೂಮಿಗೆ ಭಾರ’ ಎಂಬ ಬೈಗುಳಕ್ಕೆ ತೀರ ಹತ್ತಿರ. ಅಂದರೆ ನೀವು ಕೇಳಿದ ಮಾತಿನ ನಂಟ ಕನ್ನಡದಲ್ಲಿ ಇದ್ದಾನೆ, ಉಪ್ಪಿನ ಡಬ್ಬಿಯಲ್ಲಿ ಮಾತ್ರ ಇಲ್ಲ.

ಉಪ್ಪಿನ ಋಣದ ಕಥೆ ಬೇರೆ. ‘ಉಪ್ಪು ತಿಂದ ಮನೆಗೆ ಎರಡು ಬಗೆಯಬೇಡ’ ಎನ್ನುವಾಗ ಕೆಲಸದ ಜಾಣತನ ಲೆಕ್ಕಕ್ಕಿಲ್ಲ, ಉಂಡ ಮನೆಗೆ ನಿಷ್ಠನಾಗಿರುವುದೇ ಮುಖ್ಯ. ಇದಕ್ಕೆ ಇಂಗ್ಲಿಷಿನಲ್ಲಿ ‘ಟ್ರೂ ಟು ಹಿಸ್ ಸಾಲ್ಟ್’ ಎಂಬ ಬೇರೆಯೇ ಮಾತಿದೆ. ಇದು ಹೆಚ್ಚಾಗಿ ಕಾಣುವುದು ಭಾರತದಲ್ಲಿದ್ದ ಇಂಗ್ಲಿಷರ ಬರಹಗಳಲ್ಲಿ. ಇಲ್ಲಿನ ದರ್ಬಾರು, ದಂಡುಗಳಲ್ಲಿ ಕೇಳುತ್ತಿದ್ದ ‘ನಮಕ್‌ಹಲಾಲ್’, ‘ನಮಕ್‌ಹರಾಮ್’ಗಳ ನೆರಳು ಅದರ ಮೇಲಿದೆ. 1841ರಿಂದ 1853ರವರೆಗೆ ಸುರಪುರದಲ್ಲಿದ್ದ ಮೆಡೋಸ್ ಟೇಲರ್‌ನಂಥ ಅಧಿಕಾರಿಗಳಿಗೆ ಇವು ದಿನಬಳಕೆಯ ಮಾತುಗಳೇ ಆಗಿದ್ದವು. 1857ರಲ್ಲಿ ಬಂಡೆದ್ದ ಸಿಪಾಯಿಗಳನ್ನು ಇಂಗ್ಲಿಷರು ಉಪ್ಪಿಗೆ ದ್ರೋಹ ಬಗೆದವರು ಎಂದು ಜರೆದರು. ಮರುವರ್ಷ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರ ಪರವಾಗಿ ಇಂಗ್ಲಿಷರ ವಿರುದ್ಧ ಕಾದಿದ ಬೇಡ ಪಡೆಗೆ ಆ ಮಾತು ಅನ್ವಯಿಸದು. ಅವರು ಉಂಡದ್ದು ಸುರಪುರದ ಉಪ್ಪು, ನಿಂತದ್ದೂ ಸುರಪುರದ ಕಡೆಗೆ. ಒಂದೇ ಅಳತೆಗೋಲನ್ನು ಯಾರು ಹಿಡಿದಿದ್ದಾರೆ ಎಂಬುದನ್ನೂ ನೋಡಬೇಕಾಗುತ್ತದೆ.

ಕನ್ನಡದಲ್ಲಿ ಈ ಭಾವ ಇನ್ನೂ ಹಳೆಯದು, ಆಗ ಅದು ಉಪ್ಪಿನದಲ್ಲ, ಜೋಳದ್ದು. ಒಡೆಯನ ಜೋಳ ಉಂಡ ಯೋಧ ಅವನಿಗಾಗಿ ಪ್ರಾಣ ಕೊಡಲೂ ಸಿದ್ಧನಿರಬೇಕೆಂಬ ಕಟ್ಟುಪಾಡಿಗೆ ‘ಜೋಳವಾಳಿ’ ಎಂದು ಹೆಸರು. ಹತ್ತನೆಯ ಶತಮಾನದ ಪಂಪನ ಕರ್ಣ, ದುರ್ಯೋಧನನನ್ನು ಬಿಟ್ಟು ಬರಲಾರದ್ದಕ್ಕೆ ಕೊಡುವ ಕಾರಣಗಳಲ್ಲಿ ಜೋಳಕ್ಕೆ ತಪ್ಪಬಾರದೆಂಬುದೂ ಒಂದು. ಜೋಳದ ರೊಟ್ಟಿ ಉಂಡು ಬೆಳೆದ ನಿಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಡುವೆ ಒಂದು ಎಚ್ಚರಿಕೆ. ‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎಂಬ ಗಾದೆಯನ್ನೂ ಕೆಲವರು ಋಣದ ಸಾಲಿಗೆ ಸೇರಿಸುತ್ತಾರೆ. ಅದು ಮಾಡಿದ ತಪ್ಪಿನ ಫಲ ಉಣ್ಣಲೇಬೇಕು ಎಂಬ ಮಾತು. ಋಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನು ರೋಮ್‌ನ ವಿಷಯ. ಲ್ಯಾಟಿನ್‌ನಲ್ಲಿ ಉಪ್ಪಿಗೆ ‘ಸಾಲ್’, ಭತ್ಯೆಗೆ ‘ಸಲಾರಿಯಂ’. ಇಂಗ್ಲಿಷಿನ ‘ಸ್ಯಾಲರಿ’ ಅಲ್ಲಿಂದಲೇ ಬಂತು. ಒಂದನೆಯ ಶತಮಾನದ ಪ್ಲಿನಿ ಕೂಡ ಆ ಹೆಸರಿಗೆ ಉಪ್ಪಿನ ನಂಟು ಹೇಳುತ್ತಾನೆ. ಆದರೆ ಸಿಪಾಯಿಗಳಿಗೆ ಸಂಬಳವೆಂದು ಉಪ್ಪನ್ನು ಅಳೆದು ಕೊಟ್ಟರು ಎಂದು ಅವನು ಬರೆದಿಲ್ಲ. ಅವರ ಸಂಬಳ ನಾಣ್ಯಗಳಲ್ಲಿ ನಡೆಯುತ್ತಿತ್ತು. ನೀವು ಓದಿದ ನುಡಿಗಟ್ಟಂತೂ ಇಂಗ್ಲಿಷಿನಲ್ಲಿ ರೂಢಿಯಾದದ್ದು ಬಹಳ ತಡವಾಗಿ, 19ನೆಯ ಶತಮಾನದಲ್ಲಿ. ನಂಟು ಹೆಸರಿನಲ್ಲಿದೆ, ಉಪ್ಪಿನ ಮೂಟೆ ಹೊತ್ತು ಮನೆಗೆ ಹೋದ ಸಿಪಾಯಿ ಆಮೇಲೆ ಹುಟ್ಟಿದ ಕಥೆ.

ಬಳಸುವಾಗ ಇಷ್ಟು ಗಮನಿಸಿ. ‘ವರ್ತ್ ಹಿಸ್ ಸಾಲ್ಟ್’ ಎಂಬ ಮಾತಿಗೆ ಮುಂಚೆ ಸಾಮಾನ್ಯವಾಗಿ ‘ಎನಿ’ ಮತ್ತು ಕಸುಬಿನ ಹೆಸರು ಬರುತ್ತವೆ: ಎನಿ ಟೀಚರ್, ಎನಿ ಡಾಕ್ಟರ್. ಹೆಣ್ಣುಮಕ್ಕಳ ಬಗ್ಗೆ ಹೇಳುವಾಗ ‘ಹಿಸ್’ ಬದಲು ‘ಹರ್’. ಕಷ್ಟಕಾಲದಲ್ಲಿ ಕೈಬಿಡದ ಆಳಿನ ಬಗ್ಗೆ, ಉಪಕಾರ ನೆನೆಯುವ ಗೆಳೆಯನ ಬಗ್ಗೆ ಇದನ್ನು ಬಳಸಿದರೆ ಅರ್ಥ ದಾರಿ ತಪ್ಪುತ್ತದೆ. ಅಲ್ಲಿ ‘ಲಾಯಲ್’ ಎಂಬ ಸರಳ ಪದವೇ ಸಾಕು.