ಔಷಧಕ್ಕೆ ಮೊದಲು ಒಂದು ಚಿತ್ರ

ಕಳೆದ ಮಳೆಗಾಲದಲ್ಲಿ ನಮ್ಮ ಅಡಿಕೆ ಸಸಿಮಡಿಯ ಮಣ್ಣು ಕೆದಕಿದಾಗ ಬಿಳಿಯ ಚುಕ್ಕಿಗಳು ಚಿಮ್ಮಿ ಹಾರಿದವು. ಬೇರು ತಿನ್ನುವ ಹುಳುವೇ ಇರಬೇಕೆಂದು ಕೀಟನಾಶಕ ತರಲು ಹೊರಟಿದ್ದೆವು. ಮೊದಲು ಒಂದು ಚಿತ್ರ ತೆಗೆದು ನೋಡಿದ್ದು ಒಳ್ಳೆಯದಾಯಿತು.

ಕ್ಯಾಮರಾದ 50 ಮಿ.ಮೀ. ಮಸೂರವನ್ನು ಹಿಂದುಮುಂದಾಗಿ ಜೋಡಿಸಿದರೆ ಅತಿ ಸಣ್ಣ ವಸ್ತುವೂ ದೊಡ್ಡದಾಗಿ ಕಾಣುತ್ತದೆ. ಮೊಬೈಲಿಗೆ ಸಿಕ್ಕಿಸುವ ಚಿಕ್ಕ ಮಸೂರದಿಂದಲೂ ಈ ಕೆಲಸವಾದೀತು. ಚಿತ್ರದಲ್ಲಿ ಕಂಡದ್ದು ಆರು ಕಾಲು, ಎರಡು ಮೀಸೆಯ ಸ್ಪ್ರಿಂಗ್‌ಟೇಲ್ ಎಂಬ ಜೀವಿ. ಹೊಟ್ಟೆಯಡಿ ಮಡಿಸಿಟ್ಟ ಕವಲುಬಾಲವನ್ನು ನೆಲಕ್ಕೆ ಬಡಿದು ಅದು ಚಿಮ್ಮುತ್ತದೆ. ಸಾಮಾನ್ಯವಾಗಿ ಅದರ ಆಹಾರ ಶಿಲೀಂಧ್ರ ಮತ್ತು ಕೊಳೆಯುವ ಎಲೆ. ಅದು ಅಷ್ಟೊಂದು ಹೆಚ್ಚಿದ್ದು ಮಡಿಯಲ್ಲಿ ತೇವ ಮಿತಿಮೀರಿದ್ದರ ಸೂಚನೆ. ಔಷಧದ ಯೋಚನೆ ಬಿಟ್ಟು ಬಸಿಗಾಲುವೆ ಆಳ ಮಾಡಿದೆವು, ಸಸಿಗಳು ಚೇತರಿಸಿದವು.

ಅನಂತರ ಕಾಫಿ ಗಿಡದ ಬುಡದ ದರಗನ್ನೂ ಪರೀಕ್ಷಿಸಿದೆವು. ಇದಕ್ಕೆ ಇಟಲಿಯ ಕೀಟವಿಜ್ಞಾನಿ ಆಂಟೋನಿಯೊ ಬೆರ್ಲೇಸೆ 1905ರಲ್ಲಿ ತೋರಿಸಿದ ಆಲಿಕೆಯ ವಿಧಾನವೇ ಸುಲಭ. ಆಲಿಕೆಯೊಳಗೆ ಜಾಲರಿ ಇಟ್ಟು, ಅದರ ಮೇಲೆ ಒಂದು ಹಿಡಿ ದರಗು ಹಾಕಿ, ಮೇಲಿನಿಂದ ಬಿಸಿಯಾಗುವ ಹಳೆಯ ಮಾದರಿಯ ಬಲ್ಬನ್ನು ಉರಿಸಬೇಕು. ಬಲ್ಬು ದರಗಿಗೆ ತಾಗದಿರಲಿ. ಬಿಸಿ ಮತ್ತು ಒಣಹವೆಗೆ ಹೆದರಿದ ಜೀವಿಗಳು ಕೆಳಗಿಳಿದು ಬಾಟಲಿಗೆ ಬೀಳುತ್ತವೆ. ಬಿಳಿ ತಟ್ಟೆಗೆ ಸುರಿದು ಚಿತ್ರ ತೆಗೆಯಬಹುದು.

ಹೀಗೆ ಸಿಕ್ಕಿದವುಗಳಲ್ಲಿ ಎಂಟು ಕಾಲಿನ, ಗಟ್ಟಿ ಚಿಪ್ಪಿನ ನುಸಿಗಳಿದ್ದವು. ಕೊಂಡಿಯಿಲ್ಲದೆ ಇಕ್ಕುಳ ಮಾತ್ರ ಇರುವ ಪುಟ್ಟ ಹುಸಿಚೇಳೂ ಇತ್ತು. ಅದು ನುಸಿ, ಸ್ಪ್ರಿಂಗ್‌ಟೇಲ್‌ಗಳನ್ನು ಬೇಟೆಯಾಡುತ್ತದೆ. ನುಸಿ ಮುಂತಾದವು ಎಲೆಯನ್ನು ಚೂರು ಮಾಡುವುದರಿಂದ ಸೂಕ್ಷ್ಮಾಣುಗಳ ಕೆಲಸ ಸುಲಭವಾಗಿ, ಎಲೆಯಲ್ಲಿದ್ದ ಸಾರ ಮತ್ತೆ ಬೇರಿಗೆ ಸಿಗುತ್ತದೆ. ದರಗು ಗುಡಿಸಿ ಸುಟ್ಟರೆ ಈ ಕೂಲಿಯಿಲ್ಲದ ಆಳುಗಳನ್ನೇ ಸುಟ್ಟಂತೆ.

ಹಾಗೆಂದು ಮಣ್ಣಿನ ಜೀವಿಗಳೆಲ್ಲ ಮಿತ್ರರಲ್ಲ. ಬಾಗಿದ ಮೈ, ಕಂದು ತಲೆಯ ಬೇರುಹುಳು ಅಡಿಕೆಯ ನಿಜವಾದ ಶತ್ರು. ಬೆಳೆದ ಮೇಲೆ ಅದನ್ನು ಗುರುತಿಸಲು ಮಸೂರ ಬೇಕಿಲ್ಲ. ಅದು ಕಂಡಲ್ಲಿ ಉಪೇಕ್ಷೆ ಸಲ್ಲದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನೂ ಬಿಡುವಂತಿಲ್ಲ. ಆದರೆ ಅದರ ತಾಮ್ರ ಮಣ್ಣಿನಲ್ಲೇ ಉಳಿದು ಕೂಡುತ್ತ ಹೋಗುವುದರಿಂದ, ಮಿಕ್ಕ ದ್ರಾವಣವನ್ನು ಮರದ ಬುಡಕ್ಕೆ ಚೆಲ್ಲಬಾರದು.

ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ: ಗುರುತು ಸಿಗದ ಹುಳು ಕಂಡರೆ ಔಷಧದ ಚೀಟಿ ಬರೆಸುವ ಮೊದಲು ಅದರ ಚಿತ್ರವನ್ನು ಸಂಘದ ಕಚೇರಿಗೆ ತನ್ನಿ. ಕೂಡಿ ನೋಡಿ ತೀರ್ಮಾನಿಸೋಣ. ಹಣವೂ ಉಳಿದೀತು, ಮಣ್ಣೂ ಉಳಿದೀತು.